ಎಂಟನೇ ತಿಂಗಳ ಕಾಯಿಲೆಗೆ ಮೂರನೇ ತಿಂಗಳಲ್ಲೇ ಬೇರು

"ನಿನ್ನೆ ರಾತ್ರಿ ಮಲಗುವವರೆಗೂ ಚೆನ್ನಾಗಿಯೇ ಇದ್ದಳು ಡಾಕ್ಟರಮ್ಮ. ಬೆಳಗಾಗುವಷ್ಟರಲ್ಲಿ ಹೀಗಾಗಿದೆ. ಯಾರ ಕಣ್ಣು ಬಿತ್ತೋ ಏನೋ!"

ಸೊಸೆಯನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆತಂದಿದ್ದ ಅತ್ತೆ ಹೇಳಿದ ಮಾತಿದು. ಸೊಸೆಗೆ 23 ವರ್ಷ, ಚೊಚ್ಚಲ ಬಸಿರು, ಎಂಟನೇ ತಿಂಗಳು. ತಲೆ ಸಿಡಿಯುವಂಥ ನೋವು, ಕಣ್ಣು ಮಂಜು, ಹೊಟ್ಟೆಯ ಮೇಲ್ಭಾಗದಲ್ಲಿ ಹಿಂಡಿದಂಥ ನೋವು. ಮುಖ ಊದಿತ್ತು. ಕೈ ಊದಿಕೊಂಡು ಬಳೆಗಳು ಮಣಿಕಟ್ಟಿಗೆ ಕಚ್ಚಿಕೊಂಡಿದ್ದವು. ರಕ್ತದೊತ್ತಡ ನೋಡಿದರೆ 170/110. ಮೂತ್ರ ಪರೀಕ್ಷೆಯಲ್ಲಿ ಪ್ರೋಟೀನ್ ಧಾರಾಳವಾಗಿ ಕಂಡುಬಂತು.

ಅವಳ ತಾಯಿ ಕಾರ್ಡ್ ತೆಗೆದು ನೋಡಿದೆ. ಮೊದಲ ತಪಾಸಣೆ ನಡೆದದ್ದು ಐದು ತಿಂಗಳು ಕಳೆದ ಮೇಲೆ. ಯಾಕೆ ಇಷ್ಟು ತಡ ಎಂದು ಕೇಳಿದೆ. "ಮೂರು ತಿಂಗಳು ತುಂಬುವ ತನಕ ಹೊರಗೆ ಹೇಳಬಾರದು ಅನ್ನೋದು ನಮ್ಮ ಮನೆ ಪದ್ಧತಿ. ಆಮೇಲೆ ನಾದಿನಿ ಮದುವೆ ಬಂತು, ಹಾಗೇ ದಿನ ಹೋಯಿತು" ಎಂದರು ಅತ್ತೆ. ಇನ್ನೊಂದು ವಿಷಯ ಹುಡುಗಿಯ ತಾಯಿಯಿಂದ ಗೊತ್ತಾಯಿತು. ಇದೇ ಹುಡುಗಿಯನ್ನು ಹೆರುವಾಗ ಆ ತಾಯಿಗೂ ರಕ್ತದೊತ್ತಡ ಏರಿ ಫಿಟ್ಸ್ ಬಂದಿತ್ತಂತೆ. ಅದನ್ನು ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಫಿಟ್ಸ್ ಬಾರದಂತೆ ಮೆಗ್ನೀಷಿಯಂ ಸಲ್ಫೇಟ್ ಚುಚ್ಚುಮದ್ದು ಕೊಟ್ಟು, ರಕ್ತದೊತ್ತಡಕ್ಕೆ ಔಷಧಿ ಹಾಕಿ, ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದೆವು. ಅಂದೇ ರಾತ್ರಿ ಸಿಸೇರಿಯನ್ ಆಯಿತು. ಹುಟ್ಟಿದ ಗಂಡು ಮಗುವಿನ ತೂಕ 1,400 ಗ್ರಾಂ. ನವಜಾತ ಶಿಶು ಘಟಕದಲ್ಲಿ ನಾಲ್ಕು ವಾರ ಇದ್ದು ಮನೆಗೆ ಬಂತು. ತಾಯಿಯೂ ಉಳಿದಳು.

ಮಗುವನ್ನು ತೋರಿಸಲು ಬಂದಾಗ ಅತ್ತೆ ಮತ್ತೆ ಕೇಳಿದರು: "ಎಂಟನೇ ತಿಂಗಳಲ್ಲಿ ಏನು ತಪ್ಪಾಯಿತು ಡಾಕ್ಟರಮ್ಮ? ಏನಾದರೂ ತಿನ್ನಬಾರದ್ದು ತಿಂದಳೇ?" ನಾನು ಹೇಳಿದೆ: "ಎಂಟನೇ ತಿಂಗಳಲ್ಲಿ ಏನೂ ಆಗಲಿಲ್ಲ ಅಮ್ಮ. ಆಗಿದ್ದು ಮೂರನೇ ತಿಂಗಳಲ್ಲಿ. ನೀವು ಯಾರಿಗೂ ಹೇಳದೆ ಗುಟ್ಟಾಗಿ ಇಟ್ಟಿದ್ದಿರಲ್ಲ, ಆ ದಿನಗಳಲ್ಲಿ." ಅವರಿಗೆ ನಂಬಿಕೆ ಬರಲಿಲ್ಲ. ಓದುಗರಿಗೂ ವಿಚಿತ್ರ ಎನ್ನಿಸಬಹುದು. ಆದ್ದರಿಂದ ಈ ವಾರ ಮಾಸಿನ ಕತೆಯನ್ನು ಮೊದಲಿನಿಂದ ನೋಡೋಣ.

ಮಾಸು ಯಾರದು?

ನಮ್ಮ ಮನೆಗಳಲ್ಲಿ ಮಾಸು ಎಂದರೆ ಹೆರಿಗೆಯ ಕೊನೆಯಲ್ಲಿ ಬೀಳುವ ವಸ್ತು. ಮಗು ಹುಟ್ಟಿದ ಕೂಡಲೇ "ಮಾಸು ಬಿತ್ತಾ?" ಎಂದು ಕೇಳುತ್ತಾರೆ. ಬಿತ್ತು ಎಂದರೆ ಎಲ್ಲರಿಗೂ ನೆಮ್ಮದಿ. ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಅದನ್ನು ಗುಂಡಿ ತೋಡಿ ಹೂಳುತ್ತಿದ್ದರು. ಅಲ್ಲಿಗೆ ಅದರ ಕತೆ ಮುಗಿಯಿತು.

ಆದರೆ ಒಂಬತ್ತು ತಿಂಗಳು ಅದು ಮಾಡುವ ಕೆಲಸ ಸಾಮಾನ್ಯವಲ್ಲ. ಹುಟ್ಟುವವರೆಗೂ ಮಗುವಿಗೆ ಶ್ವಾಸಕೋಶ, ಮೂತ್ರಪಿಂಡ, ಕರುಳು ಎಲ್ಲವೂ ಮಾಸೇ. ತಿಂಗಳು ತುಂಬಿದಾಗ ಅದರ ತೂಕ ಸುಮಾರು ಅರ್ಧ ಕಿಲೋ, ಅಗಲ ಒಂದು ಊಟದ ತಟ್ಟೆಯಷ್ಟು. ಅದರೊಳಗೆ ಮರದ ಕೊಂಬೆಗಳಂತೆ ಕವಲೊಡೆದ ಸಾವಿರಾರು ಎಳೆಗಳಿವೆ. ಅವೆಲ್ಲದರ ಮೇಲ್ಮೈಯನ್ನು ಬಿಡಿಸಿ ಹಾಸಿದರೆ ಸುಮಾರು 12 ಚದರ ಮೀಟರ್, ಅಂದರೆ ಒಂದು ಸಾಧಾರಣ ಕೋಣೆಯ ನೆಲದಷ್ಟು ಆಗುತ್ತದೆ. ಈ ಎಳೆಗಳ ಒಳಗೆ ಮಗುವಿನ ರಕ್ತ, ಹೊರಗೆ ತಾಯಿಯ ರಕ್ತ. ನಡುವೆ ತೆಳುವಾದ ಪದರ. ಎರಡು ರಕ್ತ ಒಂದಕ್ಕೊಂದು ಬೆರೆಯುವುದಿಲ್ಲ. ಆಮ್ಲಜನಕ, ಆಹಾರ ಆ ಪದರ ದಾಟಿ ಮಗುವಿನತ್ತ ಹೋಗುತ್ತವೆ, ಕಶ್ಮಲ ಹೊರಬರುತ್ತದೆ.

ಮಾಸು ತಾಯಿಯ ಅಂಗ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ, ಅದು ಮಗುವಿನ ಅಂಗ. ಗರ್ಭ ಕಟ್ಟಿದ ಐದಾರು ದಿನಗಳಲ್ಲಿ ಭ್ರೂಣವು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳ ಚೆಂಡಿನಂತೆ ಇರುತ್ತದೆ. ಆ ಚೆಂಡಿನ ಒಳಗಿನ ಕೆಲವೇ ಕೋಶಗಳಿಂದ ಮಗು ಬೆಳೆಯುತ್ತದೆ. ಹೊರಗಿನ ಪದರದಿಂದ ಮಾಸು ಬೆಳೆಯುತ್ತದೆ. ಆದ್ದರಿಂದ ಮಗುವಿನಂತೆ ಮಾಸಿನಲ್ಲೂ ಅರ್ಧ ಪಾಲು ತಾಯಿಯದು, ಅರ್ಧ ಪಾಲು ತಂದೆಯದು.

ತಂದೆಯ ಪಾಲು ಮಾಸಿನ ಬೆಳವಣಿಗೆಗೆ ಬಹಳ ಮುಖ್ಯ ಎಂಬುದು 1984ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಿಂದ ತಿಳಿಯಿತು. ತಂದೆಯ ವಂಶವಾಹಿಗಳನ್ನು ಮಾತ್ರ ಹೊಂದಿದ ಭ್ರೂಣದಲ್ಲಿ ಮರಿಯ ಭಾಗ ಸರಿಯಾಗಿ ಬೆಳೆಯಲಿಲ್ಲ, ಮಾಸಿನ ಭಾಗ ಮಾತ್ರ ಹುಲುಸಾಗಿ ಬೆಳೆಯಿತು. ಕೇಂಬ್ರಿಡ್ಜಿನ ವಿಜ್ಞಾನಿ ಅಜೀಂ ಸುರಾನಿ ಈ ಕೆಲಸ ಮಾಡಿದವರಲ್ಲಿ ಪ್ರಮುಖರು. ಹೆಂಗಸರಲ್ಲೂ ಅಪರೂಪಕ್ಕೆ ಮಗುವೇ ಇಲ್ಲದೆ, ದ್ರಾಕ್ಷಿ ಗೊಂಚಲಿನಂತೆ ಗುಳ್ಳೆಗಳು ತುಂಬಿದ ಗರ್ಭ ಬೆಳೆಯುವುದುಂಟು. ಅದರ ಪೂರ್ಣ ರೂಪದಲ್ಲಿ ವಂಶವಾಹಿಗಳೆಲ್ಲ ತಂದೆಯ ಕಡೆಯವೇ. ಬಸಿರಿನಲ್ಲಿ ತೊಂದರೆ ಬಂದಾಗ "ಸೊಸೆಯ ಮೈಯೇ ಸರಿಯಿಲ್ಲ" ಎಂದು ದೂರುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಸಸಿಮಡಿಯ ದಿನಗಳು

ಗರ್ಭ ಕಟ್ಟಿದ ಒಂದು ವಾರದ ಸುಮಾರಿಗೆ ಈ ಸಣ್ಣ ಚೆಂಡು ಗರ್ಭಕೋಶದ ಒಳಗೋಡೆಗೆ ಅಂಟಿಕೊಂಡು ಅದರೊಳಗೆ ಇಳಿಯುತ್ತದೆ. ಹೊರಪದರದ ಕೋಶಗಳು ಬೇರುಗಳಂತೆ ಎಲ್ಲ ಕಡೆಗೂ ಹಬ್ಬುತ್ತವೆ. ಮನೆಯಲ್ಲಿ ಮೂತ್ರ ಪರೀಕ್ಷೆ ಮಾಡಿದಾಗ ಪಟ್ಟಿಯ ಮೇಲೆ ಎರಡನೇ ಗೆರೆ ಮೂಡುತ್ತದಲ್ಲ, ಅದು ಈ ಕೋಶಗಳು ಸುರಿಸುವ ಹಾರ್ಮೋನಿನ ಗುರುತು. ಅಂದರೆ ಬಸಿರಿನ ಮೊದಲ ಸುದ್ದಿಯನ್ನು ಹೇಳುವುದೇ ಮಾಸು.

ಮಾಸು ಬೇರೂರಿದ ಕೂಡಲೇ ತಾಯಿಯ ರಕ್ತ ಅದರೊಳಗೆ ಹರಿಯತೊಡಗುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಆದರೆ 1980ರ ದಶಕದ ಕೊನೆಯಿಂದ ಯೂರೋಪಿನಲ್ಲಿ ನಡೆದ ಸಂಶೋಧನೆಗಳು ಬೇರೆಯೇ ಚಿತ್ರ ಕೊಟ್ಟವು. ಮೊದಲ ಎರಡು ತಿಂಗಳುಗಳಲ್ಲಿ ಮಾಸಿನ ಕೋಶಗಳು ತಾಯಿಯ ರಕ್ತನಾಳಗಳ ಬಾಯಿಗೆ ಬಿರಡೆ ಹಾಕಿದಂತೆ ಕೂತಿರುತ್ತವೆ. ಒಳಕ್ಕೆ ಜಿನುಗುವುದು ಹೆಚ್ಚಾಗಿ ರಕ್ತದ ತಿಳಿಯಾದ ಭಾಗ ಮಾತ್ರ. ಆದ್ದರಿಂದ ಆಗ ಮಾಸಿನಲ್ಲಿ ಆಮ್ಲಜನಕ ಬಹಳ ಕಡಿಮೆ. 12-13ನೇ ವಾರದ ಹೊತ್ತಿಗೆ ಅದು ಸುಮಾರು ಮೂರು ಪಟ್ಟು ಏರುತ್ತದೆ. (ಇಲ್ಲಿ ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಬೇಕು.)

ಹಾಗಾದರೆ ಅಷ್ಟು ದಿನ ಭ್ರೂಣಕ್ಕೆ ಊಟ? ಗರ್ಭಕೋಶದ ಒಳಪದರದಲ್ಲಿರುವ ಗ್ರಂಥಿಗಳು ಒಂದು ಬಗೆಯ ಪೌಷ್ಟಿಕ ರಸವನ್ನು ಸುರಿಸುತ್ತವೆ. ಬ್ರಿಟನ್ನಿನ ಗ್ರಹಾಂ ಬರ್ಟನ್, ಎರಿಕ್ ಜೋನಿಯೋ ಮುಂತಾದವರು 2002ರಲ್ಲಿ ಇದನ್ನು ವಿವರವಾಗಿ ತೋರಿಸಿದರು. ಎಳೆಯ ಅಂಗಗಳು ರೂಪುಗೊಳ್ಳುವಾಗ ಹೆಚ್ಚು ಆಮ್ಲಜನಕ ಹಾನಿ ಮಾಡಬಲ್ಲುದು. ಅದಕ್ಕೇ ಪ್ರಕೃತಿ ಈ ತಡೆ ಇಟ್ಟಿದೆ ಎಂಬುದು ಅವರ ಅಭಿಪ್ರಾಯ.

ಭತ್ತ ಬೆಳೆಯುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸಸಿಮಡಿಯ ಎಳೆ ಪೈರಿಗೆ ಯಾರೂ ನಾಲೆಯ ನೀರನ್ನು ಒಮ್ಮೆಗೇ ನುಗ್ಗಿಸುವುದಿಲ್ಲ. ಪೈರು ಬೇರು ಬಿಟ್ಟ ಮೇಲೆ ತೂಬು ತೆರೆಯುತ್ತಾರೆ. ಮಾಸಿನಲ್ಲೂ ಹತ್ತನೇ ವಾರದ ಸುಮಾರಿಗೆ ಬಿರಡೆಗಳು ಸಡಿಲವಾಗಿ ಅಂಚಿನಿಂದ ಮೆಲ್ಲಗೆ ರಕ್ತ ಬರತೊಡಗುತ್ತದೆ. ತೂಬು ಬೇಗ ತೆರೆದು ರಕ್ತ ನುಗ್ಗಿದ ಎಷ್ಟೋ ಬಸಿರುಗಳು ಉಳಿಯದೆ ಹೋದದ್ದು ಸ್ಕ್ಯಾನಿಂಗಿನಲ್ಲಿ ಕಂಡುಬಂದಿದೆ.

ಇದರಿಂದ ಮನೆಯವರು ತಿಳಿಯಬೇಕಾದ ಎರಡು ವಿಷಯಗಳಿವೆ. ಒಂದು, ಮೊದಲ ತಿಂಗಳುಗಳಲ್ಲಿ ಸಾಧಾರಣ ವಾಂತಿ, ವಾಕರಿಕೆಯಿಂದ ಬಸುರಿ ಸರಿಯಾಗಿ ಉಣ್ಣದಿದ್ದರೆ ಮಗು ಸೊರಗಿಹೋಯಿತೆಂದು ಗಾಬರಿಪಡಬೇಕಾಗಿಲ್ಲ. (ನೀರೂ ನಿಲ್ಲದಷ್ಟು ವಾಂತಿಯಾದರೆ ಮಾತ್ರ ಆಸ್ಪತ್ರೆಗೆ ಹೋಗಲೇಬೇಕು.) ಎರಡು, ಮೊದಲ ಮೂರು ತಿಂಗಳಲ್ಲಿ ಗರ್ಭ ಇಳಿದರೆ ಅದು ಕೊಡ ಎತ್ತಿದ್ದಕ್ಕೋ ಬಸ್ಸಿನಲ್ಲಿ ಹೋಗಿದ್ದಕ್ಕೋ ಆದದ್ದಲ್ಲ. ಅಂಥವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಹೆಣ್ಣಿನ ಮೇಲೆ ತಪ್ಪು ಹೊರಿಸುವುದಕ್ಕೆ ಆಧಾರವಿಲ್ಲ.

ಕಾಲುವೆ ಅಗಲವಾಗದಿದ್ದರೆ

ತೂಬು ತೆರೆದರೆ ಸಾಲದು, ಕಾಲುವೆಯೂ ಅಗಲವಾಗಬೇಕು. ಗರ್ಭಕೋಶದ ಗೋಡೆಯಲ್ಲಿ ಸುರುಳಿ ಸುರುಳಿಯಾದ ಸಣ್ಣ ರಕ್ತನಾಳಗಳಿವೆ. ಬಸಿರಿಲ್ಲದಾಗ ಅವುಗಳ ಗೋಡೆಯಲ್ಲಿ ಸ್ನಾಯು ಇರುತ್ತದೆ, ಬೇಕೆಂದಾಗ ಬಿಗಿದುಕೊಳ್ಳುತ್ತವೆ. ಮಾಸಿನ ಕೋಶಗಳು ಮೊದಲ ನಾಲ್ಕೈದು ತಿಂಗಳುಗಳಲ್ಲಿ ಈ ನಾಳಗಳೊಳಗೆ ಇಳಿದು, ಸ್ನಾಯುವನ್ನು ಕರಗಿಸಿ, ಅವುಗಳ ಬಾಯನ್ನು ಹಲವು ಪಟ್ಟು ಅಗಲ ಮಾಡುತ್ತವೆ. ಆಗ ರಕ್ತ ಧಾರಾಳವಾಗಿ, ಆದರೆ ನಿಧಾನವಾಗಿ ಹರಿದು ಬಂದು ಎಳೆಗಳನ್ನು ತೊಯಿಸುತ್ತದೆ.

ಕೆಲವರಲ್ಲಿ ಈ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ನಾಳಗಳು ಕಿರಿದಾಗಿಯೇ ಉಳಿಯುತ್ತವೆ. ತೋಟಕ್ಕೆ ನೀರು ಹಾಯಿಸುವ ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ನೀರು ರಭಸದಿಂದ ಚಿಮ್ಮುತ್ತದೆ, ಎಳೆ ಗಿಡಗಳಿಗೆ ಪೆಟ್ಟಾಗುತ್ತದೆ. ಇಲ್ಲಿಯೂ ಅಷ್ಟೆ. ರಕ್ತ ರಭಸದಿಂದ ಬಂದು ಎಳೆಗಳಿಗೆ ಹಾನಿ ಮಾಡುತ್ತದೆ, ಜೊತೆಗೆ ಪೂರೈಕೆಯೂ ಸಮನಾಗಿರುವುದಿಲ್ಲ. ಮಗು ಚಿಕ್ಕದಿರುವಾಗ ಹೇಗೋ ನಡೆಯುತ್ತದೆ. ಆರು, ಏಳು, ಎಂಟನೇ ತಿಂಗಳಲ್ಲಿ ಮಗುವಿನ ಬೇಡಿಕೆ ಹೆಚ್ಚಿದಾಗ ಕೊರತೆ ಬಯಲಾಗುತ್ತದೆ.

ಬೆಲ್ಜಿಯಂನ ವೈದ್ಯ ಐವೋ ಬ್ರೋಸೆನ್ಸ್ ಮತ್ತು ಅವರ ಸಹೋದ್ಯೋಗಿಗಳು 1967ರಲ್ಲಿ ಈ ನಾಳಗಳು ಅಗಲವಾಗುವ ಬಗೆಯನ್ನೂ, 1972ರಲ್ಲಿ ಪ್ರಿ-ಎಕ್ಲಾಂಪ್ಸಿಯಾ ಇದ್ದವರಲ್ಲಿ ಅವು ಹಾಗೆ ಅಗಲವಾಗದೆ ಉಳಿಯುವುದನ್ನೂ ವಿವರಿಸಿದರು. ಇದೇ ನಮ್ಮ ಹುಡುಗಿಗೆ ಬಂದ ಕಾಯಿಲೆ. ಐದು ತಿಂಗಳ ನಂತರ ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಾಗಿ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುವುದು, ಇಲ್ಲವೇ ಪಿತ್ತಜನಕಾಂಗ, ಮೂತ್ರಪಿಂಡ, ಮಿದುಳು ಮೊದಲಾದವುಗಳಿಗೆ ತೊಂದರೆಯಾಗುವುದು ಇದರ ಲಕ್ಷಣ. ನೂರು ಬಸುರಿಯರಲ್ಲಿ 2ರಿಂದ 8 ಮಂದಿಗೆ ಇದು ಬರುತ್ತದೆ. ಮಿತಿ ಮೀರಿದರೆ ಫಿಟ್ಸ್ ಬಂದು ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ.

ಹಿಂದಿನವರು ಇದನ್ನು ಗರ್ಭಿಣಿ ನಂಜು ಎನ್ನುತ್ತಿದ್ದರು. ವೈದ್ಯರೂ ಟಾಕ್ಸೀಮಿಯಾ ಎಂದೇ ಕರೆಯುತ್ತಿದ್ದರು. ಆದರೆ ಆ ನಂಜು ಯಾವುದು ಎಂದು ಯಾರಿಗೂ ಗೊತ್ತಿರಲಿಲ್ಲ. 2003ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಭಾರತೀಯ ಮೂಲದ ವೈದ್ಯ ಎಸ್. ಅನಂತ್ ಕರುಮಂಚಿ ಮತ್ತು ಅವರ ತಂಡ ಇದಕ್ಕೆ ದೊಡ್ಡ ಸುಳಿವು ಕೊಟ್ಟರು. ಸೊರಗಿದ ಮಾಸು ಒಂದು ಪ್ರೋಟೀನನ್ನು ಅತಿಯಾಗಿ ತಯಾರಿಸಿ ತಾಯಿಯ ರಕ್ತಕ್ಕೆ ಬಿಡುತ್ತದೆ. ರಕ್ತನಾಳಗಳ ಒಳಪದರವನ್ನು ಆರೋಗ್ಯವಾಗಿಡುವ ಅಂಶಗಳನ್ನು ಅದು ಹಿಡಿದುಹಾಕಿಬಿಡುತ್ತದೆ. ಆ ಪ್ರೋಟೀನನ್ನು ಬಸುರಿ ಇಲಿಗಳ ಮೈಯಲ್ಲಿ ಹೆಚ್ಚಿಸಿದಾಗ ಅವುಗಳಿಗೂ ರಕ್ತದೊತ್ತಡ ಏರಿತು, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡಿತು. ನಂಜು ಹೊರಗಿನಿಂದ ಬಂದುದಲ್ಲ, ತಿಂದ ಊಟದ್ದೂ ಅಲ್ಲ, ಮಾಸಿನಿಂದ ಬಂದುದು. ಮಗುವೇ ಇಲ್ಲದ ಗೊಂಚಲು ಗರ್ಭದಲ್ಲೂ ಈ ಕಾಯಿಲೆ ಬರುವುದು, ಹೆರಿಗೆಯಾಗಿ ಮಾಸು ಹೊರಬಿದ್ದ ಮೇಲೆಯೇ ಇದು ಇಳಿಯುವುದು, ಎರಡಕ್ಕೂ ಕಾರಣ ಇಲ್ಲಿದೆ.

ಎಲ್ಲ ಪ್ರಕರಣಗಳೂ ಒಂದೇ ಬಗೆಯವಲ್ಲ ಎಂಬುದನ್ನೂ ಹೇಳಬೇಕು. ತಿಂಗಳು ತುಂಬುವ ಹೊತ್ತಿಗೆ ಬರುವ ಪ್ರಿ-ಎಕ್ಲಾಂಪ್ಸಿಯಾದಲ್ಲಿ ತಾಯಿಯ ತೂಕ, ಹೃದಯ, ರಕ್ತನಾಳಗಳ ಸ್ಥಿತಿಯ ಪಾತ್ರ ಹೆಚ್ಚು. ಏಳು, ಎಂಟನೇ ತಿಂಗಳಲ್ಲೇ ಬಂದು ಕಾಡುವ ಉಗ್ರ ಬಗೆಗೆ ಮಾಸು ಸರಿಯಾಗಿ ಬೇರೂರದಿರುವುದೇ ಸಾಮಾನ್ಯ ಕಾರಣ.

ಆ ಮೊದಲ ವಾರಗಳನ್ನು ಅಭ್ಯಾಸ ಮಾಡುವುದು ವಿಜ್ಞಾನಿಗಳಿಗೆ ಸುಲಭವಲ್ಲ. ಬಸುರಿಯ ಗರ್ಭಕೋಶದೊಳಗೆ ಇಣುಕುವಂತಿಲ್ಲ. ಪ್ರಾಣಿಗಳ ಮಾಸು ಮನುಷ್ಯರದಕ್ಕಿಂತ ಭಿನ್ನ. 2018ರಲ್ಲಿ ಕೇಂಬ್ರಿಡ್ಜಿನ ಮಾರ್ಗರೀಟಾ ತುರ್ಕೋ, ಆಶ್ಲಿ ಮೊಫೆಟ್ ಮುಂತಾದವರು ಮಾಸಿನ ಕೋಶಗಳನ್ನು ಪ್ರಯೋಗಾಲಯದಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ಉಂಡೆಗಳಾಗಿ ಬೆಳೆಸುವುದರಲ್ಲಿ ಯಶಸ್ವಿಯಾದರು. ಆ ಉಂಡೆಗಳು ಬೆಳೆದ ದ್ರವಕ್ಕೆ ಅಂಗಡಿಯಲ್ಲಿ ಸಿಗುವ ಬಸಿರು ಪರೀಕ್ಷೆಯ ಪಟ್ಟಿಯನ್ನು ಅದ್ದಿದರೆ 'ಬಸಿರು ಇದೆ' ಎಂದೇ ತೋರಿಸಿತಂತೆ! ಮಾಸು ಏಕೆ ಕೆಲವರಲ್ಲಿ ಆಳಕ್ಕೆ ಬೇರು ಬಿಡುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಈ ಉಂಡೆಗಳು ಈಗ ನೆರವಾಗುತ್ತಿವೆ.

ಸಣ್ಣ ಮಾತ್ರೆ, ಸರಿಯಾದ ಸಮಯ

ಬೇರು ಮೂರನೇ ತಿಂಗಳಲ್ಲಿದೆ ಎಂದಾದರೆ ಮದ್ದೂ ಆಗಲೇ ಬೇಕಲ್ಲವೇ? ಆ ಮದ್ದು ನಮಗೆಲ್ಲ ಗೊತ್ತಿರುವ ಆಸ್ಪಿರಿನ್, ಅದೂ ಸಣ್ಣ ಪ್ರಮಾಣದಲ್ಲಿ. ಲಂಡನ್ನಿನ ಕೈಪ್ರೋಸ್ ನಿಕೊಲೈಡಿಸ್ ನೇತೃತ್ವದಲ್ಲಿ ಆರು ದೇಶಗಳ 13 ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಅಪಾಯ ಹೆಚ್ಚಿದೆ ಎಂದು ಕಂಡುಬಂದ 1,776 ಬಸುರಿಯರಲ್ಲಿ ಅರ್ಧದಷ್ಟು ಮಂದಿಗೆ 11ರಿಂದ 14ನೇ ವಾರದೊಳಗೆ ಶುರುಮಾಡಿ 36ನೇ ವಾರದವರೆಗೆ, ದಿನವೂ ರಾತ್ರಿ 150 ಮಿ.ಗ್ರಾಂ. ಆಸ್ಪಿರಿನ್ ಕೊಡಲಾಯಿತು. ಉಳಿದವರಿಗೆ ಅದೇ ರೀತಿ ಕಾಣುವ, ಔಷಧಿಯಿಲ್ಲದ ಮಾತ್ರೆ ಕೊಡಲಾಯಿತು. 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾದ ಪ್ರಿ-ಎಕ್ಲಾಂಪ್ಸಿಯಾ ಆಸ್ಪಿರಿನ್ ಪಡೆದವರಲ್ಲಿ ನೂರಕ್ಕೆ 1.6, ಪಡೆಯದವರಲ್ಲಿ ನೂರಕ್ಕೆ 4.3 ಮಂದಿಗೆ ಬಂತು. ತಿಂಗಳು ತುಂಬಿದ ಮೇಲೆ ಬರುವ ಬಗೆಯಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ.

ಮುಖ್ಯ ಮಾತು ಸಮಯದ್ದು. 12ನೇ ವಾರದ ಸುಮಾರಿಗೆ, ತಡವೆಂದರೆ 16ನೇ ವಾರದೊಳಗೆ ಆಸ್ಪಿರಿನ್ ಶುರುವಾಗಬೇಕು. ಆಮೇಲೆ ಕೊಟ್ಟರೆ ಪ್ರಯೋಜನ ಬಹಳ ಕಡಿಮೆ. ಐದು ತಿಂಗಳು ಕಳೆದು ಬಂದವರಿಗೆ ಆ ಬಾಗಿಲು ಮುಚ್ಚಿರುತ್ತದೆ.

ಆದರೆ ಆಸ್ಪಿರಿನ್ ಎಲ್ಲ ಬಸುರಿಯರಿಗೂ ಅಲ್ಲ. ಅಂಗಡಿಯಿಂದ ತಾವಾಗಿಯೇ ತಂದು ನುಂಗುವುದಂತೂ ಸಲ್ಲದು. ಹೊಟ್ಟೆಯ ಹುಣ್ಣು, ರಕ್ತಸ್ರಾವದ ತೊಂದರೆ, ಆಸ್ಪಿರಿನ್‌ನಿಂದ ಹೆಚ್ಚಾಗುವ ಉಬ್ಬಸ ಇದ್ದವರಿಗೆ ಅದು ಅಪಾಯಕಾರಿ. ಯಾರಿಗೆ ಬೇಕು ಎಂಬುದನ್ನು ವೈದ್ಯರೇ ತೀರ್ಮಾನಿಸಬೇಕು. ಅಪಾಯ ಹೆಚ್ಚು ಇರುವವರು ಇವರು:

* ಹಿಂದಿನ ಬಸಿರಿನಲ್ಲಿ ರಕ್ತದೊತ್ತಡ ಏರಿದ್ದವರು.
* ಮೊದಲೇ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಅಥವಾ ಲೂಪಸ್‌ನಂಥ ಕಾಯಿಲೆ ಇರುವವರು.
* ಅವಳಿ ಮಕ್ಕಳ ಬಸುರಿಯರು.
* ಇವುಗಳಷ್ಟಲ್ಲದಿದ್ದರೂ ಗಮನಿಸಬೇಕಾದವು: ಚೊಚ್ಚಲ ಬಸಿರು, 35 ದಾಟಿದ ವಯಸ್ಸು, ಅತಿ ತೂಕ, ತಾಯಿಗೆ ಅಥವಾ ಅಕ್ಕತಂಗಿಯರಿಗೆ ಈ ಕಾಯಿಲೆ ಬಂದಿದ್ದುದು, ಹಿಂದಿನ ಮಗುವಾಗಿ ಹತ್ತು ವರ್ಷ ಮೀರಿದ ಅಂತರ.

ದೊಡ್ಡ ಊರುಗಳಲ್ಲಿ 11ರಿಂದ 13ನೇ ವಾರದ ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಯಿಂದ ಈ ಅಪಾಯವನ್ನು ಇನ್ನೂ ನಿಖರವಾಗಿ ಅಳೆಯಬಹುದು. ಅಂಥ ಸೌಲಭ್ಯ ಇಲ್ಲದ ಕಡೆ ರಕ್ತದೊತ್ತಡದ ಯಂತ್ರ ಮತ್ತು ನಾಲ್ಕು ಪ್ರಶ್ನೆಗಳಿಂದಲೂ ಬಹಳಷ್ಟು ತಿಳಿಯುತ್ತದೆ. ನಮ್ಮ ಹುಡುಗಿಯ ತಾಯಿಯನ್ನು ಆ ಪ್ರಶ್ನೆ ಯಾರಾದರೂ ಮೂರನೇ ತಿಂಗಳಲ್ಲಿ ಕೇಳಿದ್ದರೆ!

ಸುಣ್ಣದಂಶದ, ಅಂದರೆ ಕ್ಯಾಲ್ಸಿಯಂ ಮಾತ್ರೆಯೂ ಈ ಕಾಯಿಲೆಯನ್ನು ತಗ್ಗಿಸುತ್ತದೆ. ಊಟದಲ್ಲಿ ಹಾಲು, ಮೊಸರು, ರಾಗಿ, ಸೊಪ್ಪು ಕಡಿಮೆಯಿರುವವರಿಗೆ ಇದು ಹೆಚ್ಚು ಮುಖ್ಯ. ಎಷ್ಟು ಬೇಕು ಎಂಬ ಬಗ್ಗೆ ನಮ್ಮ ಬೆಂಗಳೂರಿನಲ್ಲೇ ದೊಡ್ಡ ಅಧ್ಯಯನ ನಡೆದಿದೆ. ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು 11,000 ಚೊಚ್ಚಲ ಬಸುರಿಯರಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ದಿನಕ್ಕೆ 500 ಮಿ.ಗ್ರಾಂ. ಪಡೆದವರಲ್ಲಿ ನೂರಕ್ಕೆ 3.0, 1,500 ಮಿ.ಗ್ರಾಂ. ಪಡೆದವರಲ್ಲಿ 3.6 ಮಂದಿಗೆ ಪ್ರಿ-ಎಕ್ಲಾಂಪ್ಸಿಯಾ ಬಂತು. ಟಾಂಜಾನಿಯಾದಲ್ಲಿ ನಡೆದ ಜೊತೆ ಅಧ್ಯಯನವೂ ಇದನ್ನೇ ಹೇಳಿತು. ಈ ಕಾಯಿಲೆಯನ್ನು ತಡೆಯುವ ಮಟ್ಟಿಗೆ ಕಡಿಮೆ ಪ್ರಮಾಣ ಹೆಚ್ಚಿನದಕ್ಕಿಂತ ಹಿಂದೆ ಬೀಳಲಿಲ್ಲ ಎಂದಾಯಿತು. ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಯನ್ನು ಬೀರುವಿನಲ್ಲಿಡದೆ ನುಂಗಿದರೆ ಆಯಿತು. ಕಬ್ಬಿಣದ ಮಾತ್ರೆಯನ್ನೂ ಇದನ್ನೂ ಒಟ್ಟಿಗೆ ತೆಗೆದುಕೊಳ್ಳದೆ ಬೇರೆ ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು.

ಉಪ್ಪು ಬಿಡಿಸುವುದು, ದಿನವಿಡೀ ಮಲಗಿಸುವುದು ಈ ಕಾಯಿಲೆಯನ್ನು ತಡೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇವೆರಡನ್ನೂ ಇದಕ್ಕಾಗಿ ಶಿಫಾರಸು ಮಾಡುವುದಿಲ್ಲ.

ಈ ಲಕ್ಷಣಗಳಿಗೆ ಕಾಯಬೇಡಿ

ಬಸುರಿಗೆ ಕಾಲು ಬಾವು ಇದ್ದದ್ದೇ ಎಂಬ ಮಾತಿದೆ. ಸಂಜೆಯ ಹೊತ್ತಿಗೆ ಪಾದ ಸ್ವಲ್ಪ ಊದುವುದು ಬಹಳ ಮಂದಿಯಲ್ಲಿ ಸಾಮಾನ್ಯ, ನಿಜ. ಆದರೆ ಕೆಳಗಿನ ಯಾವುದಾದರೂ ಕಂಡರೆ ರಾತ್ರಿಯಾದರೂ ಸರಿ, ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು:

* ಬಿಡದ ತಲೆನೋವು.
* ಕಣ್ಣು ಮಂಜಾಗುವುದು, ಕಣ್ಣ ಮುಂದೆ ಮಿಂಚಿದಂತಾಗುವುದು.
* ಹೊಟ್ಟೆಯ ಮೇಲ್ಭಾಗದಲ್ಲಿ, ಪಕ್ಕೆಲುಬಿನ ಕೆಳಗೆ ನೋವು. ಇದನ್ನು ಗ್ಯಾಸ್ ಎಂದು ತಿಳಿದು ಜೀರಿಗೆ ಕಷಾಯ ಕುಡಿಸಿ ಮಲಗಿಸುವುದೇ ಹೆಚ್ಚು.
* ಮುಖ, ಕೈ ಇದ್ದಕ್ಕಿದ್ದಂತೆ ಊದುವುದು, ಉಂಗುರ ಬಳೆ ಬಿಗಿಯಾಗುವುದು.
* ಮೂತ್ರ ಕಡಿಮೆಯಾಗುವುದು, ಉಸಿರು ಕಟ್ಟುವುದು, ಮಗುವಿನ ಅಲುಗಾಟ ತಗ್ಗುವುದು.

ಫಿಟ್ಸ್ ತಡೆಯುವ ಒಳ್ಳೆಯ ಮದ್ದು ಇದೆ. 2002ರಲ್ಲಿ ಪ್ರಕಟವಾದ, ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರು ಪಾಲ್ಗೊಂಡ ಅಂತರರಾಷ್ಟ್ರೀಯ ಪ್ರಯೋಗದಲ್ಲಿ ಮೆಗ್ನೀಷಿಯಂ ಸಲ್ಫೇಟ್ ಫಿಟ್ಸ್‌ನ ಅಪಾಯವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಿತು. ಆದರೆ ಅದು ಸಿಗುವುದು ಆಸ್ಪತ್ರೆಯಲ್ಲಿ, ಮನೆಯಲ್ಲಿ ಅಲ್ಲ. ಇನ್ನೊಂದು ಎಚ್ಚರ: ಹೆರಿಗೆಯಾದ ಮೇಲೂ ಕೆಲವು ವಾರ ಈ ಕಾಯಿಲೆ ಕಾಣಿಸಿಕೊಳ್ಳಬಹುದು. ಬಾಣಂತಿಯ ತಲೆನೋವನ್ನು ಶೀತವೆಂದು ಬಿಡಬಾರದು. ಒಮ್ಮೆ ಇದು ಬಂದವರಿಗೆ ಮುಂದೆ ರಕ್ತದೊತ್ತಡ, ಹೃದಯದ ಕಾಯಿಲೆ ಬರುವ ಸಾಧ್ಯತೆ ಹೆಚ್ಚು. ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ ನೋಡಿಸಿಕೊಳ್ಳುತ್ತಿರಬೇಕು.

ಊರಿಗೆ ಹೇಳಬೇಡಿ, ಆಸ್ಪತ್ರೆಗೆ ಹೇಳಿ

ಮೂರು ತಿಂಗಳು ಗುಟ್ಟಾಗಿಡುವ ಪದ್ಧತಿಯನ್ನು ನಾನು ಹಳಿಯುವುದಿಲ್ಲ. ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ ಹತ್ತು ಹದಿನೈದು ಆ ದಿನಗಳಲ್ಲೇ ಕೈಬಿಟ್ಟುಹೋಗುತ್ತವೆ. ಊರಿಗೆಲ್ಲ ಹೇಳಿ, ಆಮೇಲೆ ಬಂದವರಿಗೆಲ್ಲ ಉತ್ತರ ಕೊಡುವ ಸಂಕಟ ಹೆಣ್ಣುಮಗಳಿಗೆ ಬೇಡ ಎಂದು ಹಿರಿಯರು ಹೀಗೆ ಮಾಡಿರಬಹುದು. ಅದರಲ್ಲಿ ಮರುಕವಿದೆ. ಆದರೆ ಆ ಗುಟ್ಟಿನ ಬಾಗಿಲು ವೈದ್ಯರಿಗೆ, ನರ್ಸಮ್ಮನಿಗೆ, ಆಶಾ ಕಾರ್ಯಕರ್ತೆಗೆ ತೆರೆದಿರಬೇಕು. ಅವರು ಗುಟ್ಟು ಕಾಯುತ್ತಾರೆ. ಮುಟ್ಟು ನಿಂತು ಎರಡನೇ ಗೆರೆ ಮೂಡಿದ ವಾರವೇ ಹೋಗಿ ಹೆಸರು ಬರೆಸಿ. ರಕ್ತದೊತ್ತಡ, ರಕ್ತ, ಮೂತ್ರ ಪರೀಕ್ಷೆ ಆಗಲಿ, ಫೋಲಿಕ್ ಆಮ್ಲದ ಮಾತ್ರೆ ಶುರುವಾಗಲಿ. ಹುಡುಗಿಯ ತಾಯಿಯೂ ಜೊತೆಗೆ ಹೋಗಿ ತನ್ನ ಹೆರಿಗೆಯ ಕತೆ ಹೇಳಲಿ.

ಆ ಹುಡುಗಿ ಮೂರು ವರ್ಷದ ನಂತರ ಮತ್ತೆ ಬಂದಳು. ಅತ್ತೆಯೇ ಕರೆತಂದಿದ್ದರು. ಮುಟ್ಟು ನಿಂತು ಇನ್ನೂ ಮೂರೇ ವಾರ. 12ನೇ ವಾರದಿಂದ ಆಸ್ಪಿರಿನ್ ಶುರುಮಾಡಿದೆವು, ಎರಡು ವಾರಕ್ಕೊಮ್ಮೆ ರಕ್ತದೊತ್ತಡ ನೋಡಿದೆವು. ಒಂಬತ್ತನೇ ತಿಂಗಳಲ್ಲಿ ರಕ್ತದೊತ್ತಡ ಸ್ವಲ್ಪ ಏರಿತು, ಮಾತ್ರೆಗೆ ಹತೋಟಿಗೆ ಬಂತು. 38 ವಾರಕ್ಕೆ ಹುಟ್ಟಿದ ಹೆಣ್ಣು ಮಗುವಿನ ತೂಕ 2,700 ಗ್ರಾಂ. ಒಬ್ಬಳ ಕತೆಯಿಂದ ಔಷಧಿಯ ಗುಣ ರುಜುವಾಗುವುದಿಲ್ಲ. ಮಾತ್ರೆಯಿಲ್ಲದೆಯೂ ಎರಡನೇ ಬಸಿರು ಸುಸೂತ್ರವಾಗುವುದುಂಟು, ಮಾತ್ರೆಯಿದ್ದೂ ಕಾಯಿಲೆ ಮರುಕಳಿಸುವುದುಂಟು. ಆದರೆ ಈ ಸಲ ಏನು ಬಂದರೂ ಎದುರಿಸಲು ನಮಗೆ ಏಳು ತಿಂಗಳ ಸಮಯವಿತ್ತು.

ಆ ಮೊದಲ ದಿನ ಅತ್ತೆ ಕುರ್ಚಿ ಎಳೆದುಕೊಂಡು ಕೂತು, ಬಾಗಿಲತ್ತ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದ ಮಾತು ಇನ್ನೂ ನೆನಪಿದೆ: "ಮನೇಲಿ ಇನ್ನೂ ಯಾರಿಗೂ ಹೇಳಿಲ್ಲ ಡಾಕ್ಟರಮ್ಮ. ನಿಮಗೇ ಮೊದಲು."